ಸ್ಪ್ಯಾನಿಶ್, ಲ್ಯಾಟಿನ್ ಅಮೆರಿಕನ್, ಚಿಕಾನೋ: ಮಗಳು ಯಾವ ಮೇಜರ್ ತಗೋಬೇಕು?

ಪ್ರಶ್ನೆ: ಮೇಡಂ, ನಾವು ದಾವಣಗೆರೆ ಕಡೆಯವರು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಬಹಳ ವರ್ಷ ಆಯಿತು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಈಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಒಂದು ಕ್ಯಾಂಪಸ್‌ನಲ್ಲಿ ಎರಡನೇ ವರ್ಷ. ಡಾಕ್ಟರ್ ಆಗಬೇಕು ಅಂತ ಬಯಾಲಜಿ ತಗೊಂಡಿದ್ದಳು. ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಸ್ಪ್ಯಾನಿಶ್ ಓದಿದ್ದಾಳೆ. ಹೋದ ಬೇಸಿಗೆಯಲ್ಲಿ ಒಂದು ಉಚಿತ ಕ್ಲಿನಿಕ್‌ಗೆ ವಾಲಂಟಿಯರ್ ಆಗಿ ಹೋಗುತ್ತಿದ್ದಳು. ಅಲ್ಲಿಗೆ ಬರುವವರು ಹೆಚ್ಚಿನವರು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಬಂದ ಹೊಲದ ಕೂಲಿಯವರು. ಅವರ ಫಾರಂ ತುಂಬಿಕೊಡುತ್ತಾ, ಕಷ್ಟಸುಖ ಕೇಳುತ್ತಾ ಇದ್ದವಳು ಈಗ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಬದಲಾಯಿಸುತ್ತೇನೆ ಅನ್ನುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ಸ್ಪ್ಯಾನಿಶ್ ಇದೆ, ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ಇದೆ, ಚಿಕಾನೋ-ಲ್ಯಾಟಿನೋ ಸ್ಟಡೀಸ್ ಅಂತ ಇನ್ನೊಂದು ಇದೆ. ಅವಳ ಸ್ನೇಹಿತೆ ಈಸ್ಟ್ ಕೋಸ್ಟ್‌ನಲ್ಲಿ ಹಿಸ್ಪಾನಿಕ್ ಸ್ಟಡೀಸ್ ಓದುತ್ತಾಳಂತೆ. ಇವೆಲ್ಲ ಒಂದೇ ಅಲ್ವಾ? ನಮ್ಮ ಯಜಮಾನರು, 'ಬಯಾಲಜಿ ಬಿಡಬೇಡ, ಸ್ಪ್ಯಾನಿಶ್ ಬೇಕಾದರೆ ಫೋನಿನಲ್ಲಿ ಆ್ಯಪ್ ಹಾಕಿಕೊಂಡು ಕಲಿ' ಅನ್ನುತ್ತಾರೆ. ನನ್ನ ಚಿಂತೆ ಬೇರೆ. ಅದು ಆ ಜನರ ಮಕ್ಕಳಿಗಾಗಿ ಇರುವ ಓದು, ನಮ್ಮ ಹುಡುಗಿಗೆ ಅಲ್ಲಿ ಜಾಗ ಇದೆಯಾ? ಡಾಕ್ಟರ್ ಆಗುವ ದಾರಿ ಮುಚ್ಚಿಹೋಗುತ್ತದಾ? ನಾಳೆ ಕೆಲಸ ಸಿಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಭಯಗಳು ಒಟ್ಟಿಗೆ ಸೇರಿಕೊಂಡಿವೆ. ಒಂದೊಂದನ್ನೇ ಬಿಡಿಸಿ ನೋಡೋಣ. ನಾನು ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅಕಾಡೆಮಿಕ್ ಅಡ್ವೈಸರ್. ಎರಡನೇ ವರ್ಷದ ಕೊನೆಗೆ ಬಂದು, 'ನನಗೆ ಬಯಾಲಜಿ ಬೇಡ, ಆದರೆ ಮನೆಯಲ್ಲಿ ಹೇಳುವುದು ಹೇಗೆ' ಅಂತ ಕೇಳುವ ನಮ್ಮ ಕಡೆಯ ಮಕ್ಕಳನ್ನು ಬಹಳ ನೋಡಿದ್ದೇನೆ. ನಿಮ್ಮ ಮಗಳು ಅದನ್ನು ನಿಮಗೆ ನೇರವಾಗಿ ಹೇಳಿದ್ದಾಳೆ. ಅದು ಒಳ್ಳೆಯ ವಿಷಯ.

ಮೊದಲು ಡಾಕ್ಟರ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಅಮೆರಿಕದ ಮೆಡಿಕಲ್ ಸ್ಕೂಲುಗಳು ಇಂಥದ್ದೇ ಮೇಜರ್ ಇರಬೇಕು ಅಂತ ಕೇಳುವುದಿಲ್ಲ. ಅವರು ಕೇಳುವುದು ಕೆಲವು ಕೋರ್ಸುಗಳನ್ನು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಅವುಗಳ ಲ್ಯಾಬ್, ಜೊತೆಗೆ ಬಯೋಕೆಮಿಸ್ಟ್ರಿ. ಅನೇಕ ಕಡೆ ಸ್ಟ್ಯಾಟಿಸ್ಟಿಕ್ಸ್ ಕೂಡ ನೋಡುತ್ತಾರೆ. ಆಮೇಲೆ ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ. ಇಷ್ಟನ್ನು ಮುಗಿಸಿದವರು ಇತಿಹಾಸ ಓದಿರಲಿ, ಸ್ಪ್ಯಾನಿಶ್ ಓದಿರಲಿ, ಅರ್ಜಿ ಹಾಕಬಹುದು. ಹ್ಯುಮ್ಯಾನಿಟೀಸ್ ಓದಿ ಅರ್ಜಿ ಹಾಕಿದವರಲ್ಲಿ ಸೀಟು ಸಿಗುವವರ ಪ್ರಮಾಣ ಬಯಾಲಜಿಯವರಿಗಿಂತ ಕಡಿಮೆ ಇಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಅರ್ಜಿಯಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾತ್ಸ್ ಅಂಕಗಳನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಕೆಮಿಸ್ಟ್ರಿಯಲ್ಲಿ ಕಷ್ಟ ಆಗುತ್ತಿದೆ ಅಂತ ಮೇಜರ್ ಬದಲಾಯಿಸಿದರೆ ಆ ಕಷ್ಟ ಹಾಗೇ ಉಳಿಯುತ್ತದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದೊಂದನ್ನು ಮಾತ್ರ ಮೆಲ್ಲಗೆ ಕೇಳಿ: ಬಯಾಲಜಿಯಿಂದ ದೂರ ಹೋಗುತ್ತಿದ್ದೀಯಾ, ಇಲ್ಲಾ ಬೇರೆ ಯಾವುದರ ಹತ್ತಿರ ಹೋಗುತ್ತಿದ್ದೀಯಾ? ಎರಡಕ್ಕೂ ಪರಿಹಾರ ಬೇರೆ ಬೇರೆ. ಪತ್ರ ಓದಿದರೆ ಎರಡನೆಯದು ಅಂತ ನನಗೆ ಅನ್ನಿಸುತ್ತದೆ.

ಇನ್ನು ಇವೆಲ್ಲ ಒಂದೇ ಅನ್ನುವ ಮಾತು. ಖಂಡಿತ ಅಲ್ಲ. ಹೊರಗಿನಿಂದ ನೋಡಿದರೆ ಒಂದೇ ಜನ, ಒಂದೇ ಭಾಷೆ ಅನ್ನಿಸುತ್ತದೆ. ಆದರೆ ಈ ವಿಭಾಗಗಳು ಹುಟ್ಟಿದ ಕಾಲ ಬೇರೆ, ಕಾರಣ ಬೇರೆ. ಆ ಕಾರಣಗಳು ಇವತ್ತಿನ ಸಿಲಬಸ್‌ನಲ್ಲೂ ಕಾಣುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸ್ಪ್ಯಾನಿಶ್ ಎಲ್ಲಕ್ಕಿಂತ ಹಳೆಯದು. 1917 ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಶಾಲೆಗಳು ಜರ್ಮನ್ ಕಲಿಸುವುದನ್ನು ಬಿಡತೊಡಗಿದವು. ಆ ಜಾಗಕ್ಕೆ ಸ್ಪ್ಯಾನಿಶ್ ಬಂತು. ಸ್ಪ್ಯಾನಿಶ್ ಮೇಷ್ಟ್ರುಗಳ ರಾಷ್ಟ್ರೀಯ ಸಂಘ ಶುರುವಾದದ್ದೂ ಅದೇ ವರ್ಷ. ಹಾಗಾಗಿ ಈ ವಿಭಾಗದ ಬೇರು ಭಾಷೆ ಮತ್ತು ಸಾಹಿತ್ಯದಲ್ಲಿದೆ. ಸ್ಪೇನ್ ದೇಶದ ಮಧ್ಯಯುಗದಿಂದ ಹಿಡಿದು ಇವತ್ತಿನ ಲ್ಯಾಟಿನ್ ಅಮೆರಿಕದ ಬರಹದ ತನಕ ಓದಬೇಕು. ಭಾಷಾವಿಜ್ಞಾನ ಇರುತ್ತದೆ, ಉಚ್ಚಾರಣೆ ಇರುತ್ತದೆ. ಮೇಲಿನ ತರಗತಿಗಳಲ್ಲಿ ಪಾಠ, ಚರ್ಚೆ, ಪ್ರಬಂಧ ಎಲ್ಲ ಸ್ಪ್ಯಾನಿಶ್‌ನಲ್ಲೇ. 'ಸ್ಪ್ಯಾನಿಶ್ ಮೇಜರ್ ಅಂದ್ರೆ ಮಾತಾಡೋಕೆ ಕಲಿಸ್ತಾರೆ' ಅಂದುಕೊಂಡು ಬರುವವರು ಜಾಸ್ತಿ. ಮಾತಾಡಲು ಕಲಿಸುವುದು ಮೊದಲೆರಡು ವರ್ಷದ ಕೋರ್ಸುಗಳಲ್ಲಿ. ಮೇಜರ್ ಅಂತ ಲೆಕ್ಕಕ್ಕೆ ಬರುವ ಕೋರ್ಸುಗಳ ಪೈಕಿ ಹೆಚ್ಚಿನವು ಅದಾದ ಮೇಲಿನವು.

ಸ್ನೇಹಿತೆಯ ಹಿಸ್ಪಾನಿಕ್ ಸ್ಟಡೀಸ್ ಹೆಚ್ಚಿನ ಕಡೆ ಇದೇ ಸ್ಪ್ಯಾನಿಶ್ ವಿಭಾಗದ ಅಗಲವಾದ ರೂಪ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿಭಾಗದ ಹೆಸರೇ ಹಾಗಿದೆ. ಸಾಹಿತ್ಯದ ಜೊತೆ ಸಿನಿಮಾ, ಕಲೆ, ಇತಿಹಾಸ ಸೇರಿಸಿಕೊಳ್ಳುತ್ತಾರೆ. ಕೋರ್ಸು ಮಾತ್ರ ಬಹುಪಾಲು ಸ್ಪ್ಯಾನಿಶ್‌ನಲ್ಲೇ ನಡೆಯುತ್ತದೆ. ಮಗಳ ಕ್ಯಾಂಪಸ್‌ನಲ್ಲಿ ಅದು ಇಲ್ಲದ್ದರಿಂದ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ದೊಡ್ಡದಾಗಿ ಬೆಳೆದದ್ದು ಶೀತಲ ಸಮರದ ಕಾಲದಲ್ಲಿ. ರಷ್ಯಾ 1957 ರಲ್ಲಿ ಸ್ಪುಟ್ನಿಕ್ ಹಾರಿಸಿತು. ಮರುವರ್ಷವೇ ಅಮೆರಿಕ ಒಂದು ಕಾನೂನು ಮಾಡಿ, ಹೊರದೇಶಗಳ ಭಾಷೆ ಮತ್ತು ರಾಜಕೀಯ ಕಲಿಸಲು ವಿಶ್ವವಿದ್ಯಾಲಯಗಳಿಗೆ ಹಣ ಕೊಡತೊಡಗಿತು. 1959 ರಲ್ಲಿ ಕ್ಯೂಬಾ ಕ್ರಾಂತಿ ಆಯಿತು. ಪಕ್ಕದ ಖಂಡದ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಅನ್ನುವ ಆತಂಕ ಸರ್ಕಾರಕ್ಕೆ ಶುರುವಾಯಿತು. ಈ ವಿದ್ವಾಂಸರ ಸಂಘ, ಲಾಸಾ, 1966 ರಲ್ಲಿ ಹುಟ್ಟಿತು. ಶುರುವಾದ ಉದ್ದೇಶ ಏನೇ ಇರಲಿ, ಆಮೇಲೆ ಈ ವಿಭಾಗದವರೇ ಅಮೆರಿಕ ಸರ್ಕಾರ ಆ ದೇಶಗಳಲ್ಲಿ ಮಾಡಿದ ಅನ್ಯಾಯಗಳನ್ನು ಕಟುವಾಗಿ ಬರೆದಿದ್ದಾರೆ. ಇದು ದೇಶಗಳನ್ನು ಓದುವ ಮೇಜರ್. ಮೆಕ್ಸಿಕೋದಿಂದ ಅರ್ಜೆಂಟೀನಾ ತನಕ, ಬ್ರೆಜಿಲ್ ಸೇರಿ. ಹಾಗಾಗಿ ಅನೇಕ ಕಡೆ ಸ್ಪ್ಯಾನಿಶ್ ಜೊತೆ ಪೋರ್ಚುಗೀಸನ್ನೂ ಕಲಿಯಿರಿ ಅನ್ನುತ್ತಾರೆ.

ಚಿಕಾನೋ ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದವರು, ಲ್ಯಾಟಿನೋ ಅಂದರೆ ಒಟ್ಟಾರೆ ಲ್ಯಾಟಿನ್ ಅಮೆರಿಕ ಮೂಲದವರು. ಚಿಕಾನೋ ಸ್ಟಡೀಸ್ ಹುಟ್ಟಿದ್ದು ಬೀದಿಯಲ್ಲಿ. 1968 ರ ಮಾರ್ಚ್‌ನಲ್ಲಿ ಈಸ್ಟ್ ಲಾಸ್ ಏಂಜಲಿಸ್‌ನ ಮೆಕ್ಸಿಕನ್ ಅಮೆರಿಕನ್ ಹೈಸ್ಕೂಲು ಮಕ್ಕಳು ಸಾವಿರಾರು ಜನ ತರಗತಿ ಬಿಟ್ಟು ಹೊರನಡೆದರು. ಶಾಲೆಯಲ್ಲಿ ಸ್ಪ್ಯಾನಿಶ್ ಮಾತಾಡಿದರೆ ಶಿಕ್ಷೆ, ಕಾಲೇಜಿಗೆ ಹೋಗಬೇಕು ಅಂದರೆ ಯಾಕೆ ಅಂತ ಕೇಳುವ ವಾತಾವರಣ, ಇದೇ ಅವರ ದೂರು. ಅದೇ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್‌ನಲ್ಲಿ ಕಪ್ಪು, ಏಷ್ಯನ್, ಲ್ಯಾಟಿನೋ ವಿದ್ಯಾರ್ಥಿಗಳು ಸೇರಿ ಮುಷ್ಕರ ಹೂಡಿದರು. ಅದು 1969 ರ ಮಾರ್ಚ್ ತನಕ ನಡೆಯಿತು. ಕೊನೆಗೆ ಇಂಥ ಸಮುದಾಯಗಳ ಬಗ್ಗೆ ಓದುವ ಎಥ್ನಿಕ್ ಸ್ಟಡೀಸ್ ಕಾಲೇಜು ಸಿಕ್ಕಿತು. ಅದೇ 1969 ರಲ್ಲಿ ಸಾಂಟಾ ಬಾರ್ಬರಾದಲ್ಲಿ ಸಭೆ ಸೇರಿ, ಚಿಕಾನೋ ಸ್ಟಡೀಸ್ ಹೇಗಿರಬೇಕು ಅಂತ ಒಂದು ಯೋಜನೆಯನ್ನೇ ಬರೆದರು. ಯುಸಿಯ ಲಾಸ್ ಏಂಜಲಿಸ್ ಕ್ಯಾಂಪಸ್ ಆದ ಯುಸಿಎಲ್‌ಎಯಲ್ಲಂತೂ 1993 ರಲ್ಲಿ ವಿದ್ಯಾರ್ಥಿಗಳು ಉಪವಾಸ ಕೂತರು, ಪೂರ್ಣ ವಿಭಾಗ ಆದದ್ದು 2005 ರಲ್ಲಿ. ನ್ಯೂಯಾರ್ಕ್ ಕಡೆ ಇದೇ ಹೋರಾಟ ಪೋರ್ಟೊ ರಿಕೋ ಮೂಲದವರದ್ದು. ಅಲ್ಲಿ ವಿಭಾಗದ ಹೆಸರಿನಲ್ಲೂ ಪೋರ್ಟೊ ರಿಕನ್ ಅಂತ ಇರುತ್ತದೆ. ಇದು ಅಮೆರಿಕದ ಒಳಗೇ ಇರುವ ಜನರನ್ನು ಓದುವ ಮೇಜರ್. ಕೋರ್ಸುಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ.

ಇಷ್ಟು ಹೇಳಿದರೂ ವ್ಯತ್ಯಾಸ ಕೈಗೆ ಸಿಕ್ಕಿದ ಹಾಗೆ ಆಗುವುದಿಲ್ಲ. ನಿಮ್ಮ ಮಗಳ ಕ್ಲಿನಿಕ್‌ಗೇ ಹೋಗೋಣ. ಸಲಿನಾಸ್ ಕಡೆಯ ಸ್ಟ್ರಾಬೆರಿ ಹೊಲದಲ್ಲಿ ದುಡಿಯುವ ಒಬ್ಬ ಹೆಂಗಸು ಬಂದಿದ್ದಾರೆ ಅಂದುಕೊಳ್ಳಿ. ಊರು ಮೆಕ್ಸಿಕೋದ ಒಹಾಕಾ ರಾಜ್ಯ. ಫಾರಂನಲ್ಲಿ ಭಾಷೆ ಅನ್ನುವ ಕಡೆ ಯಾರೋ ಸ್ಪ್ಯಾನಿಶ್ ಅಂತ ಟಿಕ್ ಮಾಡಿದ್ದಾರೆ. ಆದರೆ ಆಕೆಯ ಮನೆಮಾತು ಮಿಶ್ತೆಕ್. ಸ್ಪ್ಯಾನಿಶ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ಸ್ಪೇನ್‌ನವರು ಬರುವ ಮೊದಲಿನಿಂದ ಇರುವ ಭಾಷೆ. ಸಲಿನಾಸ್, ಆಕ್ಸ್‌ನಾರ್ಡ್, ಫ್ರೆಸ್ನೋ ಸುತ್ತ ಹೀಗೆ ಮಿಶ್ತೆಕ್ ಮಾತಾಡುವ ಕೂಲಿಯವರು ಬಹಳ ಇದ್ದಾರೆ. ಡಾಕ್ಟರು ಸ್ಪ್ಯಾನಿಶ್‌ನಲ್ಲಿ ಹೇಳಿದ್ದಕ್ಕೆಲ್ಲ ಆಕೆ ತಲೆ ಆಡಿಸುತ್ತಾರೆ. ತುಳು ಬಿಟ್ಟು ಬೇರೆ ಮಾತು ಅಷ್ಟಾಗಿ ಬಾರದ ಅಜ್ಜಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪಟಪಟ ಅಂತ ಕನ್ನಡದಲ್ಲಿ ಔಷಧಿ ಹೇಳಿಕೊಟ್ಟ ಹಾಗೆ.

ಈಗ ಈ ಒಬ್ಬ ಹೆಂಗಸಿನ ಬಗ್ಗೆ ಮೂರು ವಿಭಾಗದವರು ಮೂರು ಬಗೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಸ್ಪ್ಯಾನಿಶ್ ವಿಭಾಗದ ಭಾಷಾವಿಜ್ಞಾನ ತರಗತಿಯಲ್ಲಿ, ಮಿಶ್ತೆಕ್ ಮನೆಮಾತಾದವರು ಆಡುವ ಸ್ಪ್ಯಾನಿಶ್ ಹೇಗಿರುತ್ತದೆ, ಅವರಿಗೆ ಎಷ್ಟು ಅರ್ಥವಾಗಿದೆ ಅಂತ ತಿಳಿಯುವುದು ಹೇಗೆ ಅಂತ ನೋಡುತ್ತಾರೆ. ಲ್ಯಾಟಿನ್ ಅಮೆರಿಕನ್ ಸ್ಟಡೀಸ್‌ನಲ್ಲಿ, ಆಕೆ ಊರು ಬಿಟ್ಟದ್ದು ಯಾಕೆ ಅನ್ನುವುದು ಪ್ರಶ್ನೆ. 1994 ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಅಮೆರಿಕದ ಅಗ್ಗದ ಮೆಕ್ಕೆಜೋಳ ಮೆಕ್ಸಿಕೋಗೆ ಹರಿದಾಗ ಸಣ್ಣ ರೈತರ ಗತಿ ಏನಾಯಿತು? ಪಕ್ಕದ ಗ್ವಾಟೆಮಾಲಾದಲ್ಲಿ 1954 ರಲ್ಲಿ ಅಮೆರಿಕದ ಸಿಐಎ ಬೆಂಬಲದಿಂದ ಚುನಾಯಿತ ಸರ್ಕಾರ ಉರುಳಿದ್ದು, 1960 ರಿಂದ 1996 ರ ತನಕ ಅಂತರ್ಯುದ್ಧ ನಡೆದದ್ದು, ಎರಡು ಲಕ್ಷ ಜನ ಸತ್ತದ್ದು ಅಥವಾ ಕಾಣೆಯಾದದ್ದು, ಅವರಲ್ಲಿ ಹೆಚ್ಚಿನವರು ಮಾಯಾ ಜನ ಆಗಿದ್ದದ್ದು, ಇದೆಲ್ಲ ಅಲ್ಲಿನ ಪಾಠ.

ಚಿಕಾನೋ-ಲ್ಯಾಟಿನೋ ಸ್ಟಡೀಸ್‌ನಲ್ಲಿ, ಆಕೆ ಇಲ್ಲಿಗೆ ಬಂದ ಮೇಲೆ ಏನಾಯಿತು ಅನ್ನುವುದು ಪ್ರಶ್ನೆ. 1942 ರಿಂದ 1964 ರ ತನಕ ಬ್ರಸೇರೋ ಯೋಜನೆಯಲ್ಲಿ ಮೆಕ್ಸಿಕೋದಿಂದ ಹೊಲದ ಕೆಲಸಕ್ಕೆ ಜನರನ್ನು ಕರೆಸಿಕೊಂಡದ್ದು, 1965 ರಲ್ಲಿ ಡಿಲೇನೋದ ದ್ರಾಕ್ಷಿ ತೋಟಗಳಲ್ಲಿ ಫಿಲಿಪಿನೋ ಕೂಲಿಯವರು ಶುರು ಮಾಡಿದ ಮುಷ್ಕರಕ್ಕೆ ಮೆಕ್ಸಿಕನ್ನರು ಸೇರಿಕೊಂಡದ್ದು ಇಲ್ಲಿ ಬರುತ್ತದೆ. ಡಾಕ್ಟರ್ ಆಗಬೇಕು ಅನ್ನುವ ಯಾರೇ ಆಗಲಿ ಓದಲೇಬೇಕಾದ ಒಂದು ಪ್ರಕರಣವೂ ಬರುತ್ತದೆ. ಹೆಸರು ಮ್ಯಾಡ್ರಿಗಲ್ ವರ್ಸಸ್ ಕ್ವಿಲಿಗನ್. 1970 ರ ಆಸುಪಾಸಿನಲ್ಲಿ ಲಾಸ್ ಏಂಜಲಿಸ್‌ನ ದೊಡ್ಡ ಕೌಂಟಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಮೆಕ್ಸಿಕನ್ ಮೂಲದ ಹೆಂಗಸರಿಗೆ, ಸರಿಯಾದ ಒಪ್ಪಿಗೆ ಇಲ್ಲದೆ ಸಂತಾನಹರಣ ಆಪರೇಷನ್ ಮಾಡಿದ್ದರು. ಹೆರಿಗೆ ನೋವಿನ ನಡುವೆ ಇಂಗ್ಲಿಷ್‌ನಲ್ಲಿದ್ದ ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಂಡರು ಅಂತ ಆ ಹೆಂಗಸರು ಹೇಳಿದರು. ಕೆಲವರಿಗೆ ತಮಗೆ ಏನು ಮಾಡಿದ್ದಾರೆ ಅನ್ನುವುದೇ ತುಂಬ ದಿನ ಗೊತ್ತಿರಲಿಲ್ಲ. ಹತ್ತು ಹೆಂಗಸರು ಕೋರ್ಟಿಗೆ ಹೋದರು. 1978 ರಲ್ಲಿ ತೀರ್ಪು ಡಾಕ್ಟರ್‌ಗಳ ಪರವಾಗಿಯೇ ಬಂತು. ಆದರೂ ರೋಗಿಯ ಭಾಷೆಯಲ್ಲೇ ವಿವರಿಸಬೇಕು, ಯೋಚಿಸಲು ಸಮಯ ಕೊಡಬೇಕು ಅನ್ನುವ ನಿಯಮಗಳು ಬಿಗಿಯಾದದ್ದರ ಹಿಂದೆ ಈ ಹೆಂಗಸರ ಹೋರಾಟ ಇದೆ. ಇವತ್ತು ನಿಮ್ಮ ಮಗಳು ಕ್ಲಿನಿಕ್‌ನಲ್ಲಿ ಸ್ಪ್ಯಾನಿಶ್ ಫಾರಂ ತುಂಬಿಸುತ್ತಾಳಲ್ಲ, ಆ ಫಾರಂಗೂ ಒಂದು ಚರಿತ್ರೆ ಇದೆ.

ಹಾಗಾಗಿ ಮಗಳಿಗೆ ನನ್ನ ಸಲಹೆ ಇಷ್ಟೇ: ಮೇಜರ್ ಹೆಸರು ನೋಡಿ ತೀರ್ಮಾನ ಮಾಡಬೇಡ. ವಿಭಾಗದ ವೆಬ್‌ಸೈಟಿನಲ್ಲಿ ಕೊನೆಯ ಎರಡು ವರ್ಷದ ಕಡ್ಡಾಯ ಕೋರ್ಸುಗಳ ಪಟ್ಟಿ ಇರುತ್ತದೆ. ಅದನ್ನು ತೆಗೆದು ನೋಡು. ಯಾವ ಭಾಷೆಯಲ್ಲಿ ಪ್ರಬಂಧ ಬರೆಯಬೇಕು, ಮತ್ತು ಯಾವ ಪ್ರಶ್ನೆ ನಿನ್ನನ್ನು ರಾತ್ರಿ ಕೂರಿಸಿ ಓದಿಸುತ್ತದೆ, ಇವೆರಡನ್ನೇ ಕೇಳಿಕೊ.

ಭಾಷೆಯ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ಹೈಸ್ಕೂಲಿನ ನಾಲ್ಕು ವರ್ಷದ ಸ್ಪ್ಯಾನಿಶ್ ಅಂದರೆ ಸಾಮಾನ್ಯವಾಗಿ ಕಾಲೇಜಿನ ಎರಡನೇ ವರ್ಷದ ಭಾಷಾ ಕೋರ್ಸಿನ ಮಟ್ಟ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಇದ್ದರೆ ಇನ್ನೂ ಸ್ವಲ್ಪ ಮುಂದೆ. ಫಾರಂ ತುಂಬಲು ಇದು ಸಾಕು. ಎದೆನೋವು ಯಾವಾಗ ಶುರುವಾಯಿತು, ಯಾವ ಮಾತ್ರೆ ನಿಲ್ಲಿಸಿದ್ದೀರಿ ಅಂತ ಕೇಳಿ ಡಾಕ್ಟರ್‌ಗೆ ಹೇಳಲು ಸಾಲದು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತರಬೇತಾದ ದುಭಾಷಿಯನ್ನೇ ಬಳಸಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಇದೆ. ಮಾತು ಬರುತ್ತದೆ ಅಂತ ಯಾರನ್ನೋ ಕರೆದು ನಿಲ್ಲಿಸುವ ಹಾಗಿಲ್ಲ. ವೈದ್ಯಕೀಯ ದುಭಾಷಿ ಆಗಲು ಕನಿಷ್ಠ 40 ಗಂಟೆಯ ತರಬೇತಿ, ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಯಾವ ಮೇಜರ್ ತಗೊಂಡರೂ ಮಗಳು ಇದನ್ನು ಮಾಡಿಕೊಳ್ಳಲಿ. ನಿಮ್ಮ ಯಜಮಾನರಿಗೆ ಹೇಳಿ: ಆ್ಯಪ್ ತಪ್ಪಲ್ಲ, ಶಬ್ದ ಮರೆಯದೆ ಇಟ್ಟುಕೊಳ್ಳಲು ಒಳ್ಳೆಯದೇ. ಆದರೆ ಎದುರಿಗೆ ಕೂತ ರೋಗಿ ಅಳುತ್ತಾ ಅರ್ಧ ವಾಕ್ಯದಲ್ಲಿ ಹೇಳುವುದನ್ನು ಹಿಡಿಯುವುದನ್ನು ಅದು ಕಲಿಸುವುದಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ದೊಡ್ಡ ಪ್ರಶ್ನೆ. ಅಲ್ಲಿ ನಮ್ಮ ಹುಡುಗಿಗೆ ಜಾಗ ಇದೆಯಾ? ನಿಯಮದ ಪ್ರಕಾರ ಇದ್ದೇ ಇದೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಯಾವ ಮೇಜರ್ ಕೂಡ ಒಂದು ಸಮುದಾಯಕ್ಕೆ ಮಾತ್ರ ಅಂತ ಇಲ್ಲ. ಯುಸಿಯಿಂದ ಬೇರೆಯಾದ, ಕ್ಯಾಲ್ ಸ್ಟೇಟ್ ಅನ್ನುವ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಂತೂ 2020 ರ ಕಾನೂನಿನಿಂದ ಪ್ರತಿ ವಿದ್ಯಾರ್ಥಿಯೂ ಒಂದು ಎಥ್ನಿಕ್ ಸ್ಟಡೀಸ್ ಕೋರ್ಸ್ ಓದಲೇಬೇಕು. ಆದರೆ ನಿಯಮ ಬೇರೆ, ತರಗತಿಯಲ್ಲಿ ಕೂತಾಗ ಆಗುವ ಅನುಭವ ಬೇರೆ. ಮೇಲಿನ ತರಗತಿಗಳಲ್ಲಿ ಅವಳ ಸುತ್ತ ಇರುವವರು ಹೆಚ್ಚಿನವರು ತಮ್ಮ ಅಪ್ಪ ಅಮ್ಮನ ಕತೆಯನ್ನೇ ಓದುತ್ತಿರುತ್ತಾರೆ. ಯಾರಾದರೂ 'ನೀನ್ಯಾಕೆ ಇಲ್ಲಿ' ಅಂತ ಕೇಳಬಹುದು. ಅದರಲ್ಲಿ ಕೆಟ್ಟ ಮನಸ್ಸು ಇರಲೇಬೇಕು ಅಂತಿಲ್ಲ. ಇಂಥ ತರಗತಿಗಳಲ್ಲಿ ಚೆನ್ನಾಗಿ ನಡೆದುಕೊಂಡ ನಮ್ಮ ಕಡೆಯ ಮಕ್ಕಳನ್ನು ನಾನು ನೋಡಿದ್ದೇನೆ. ಅವರು ಮೊದಲು ಕೇಳಿಸಿಕೊಳ್ಳುತ್ತಾರೆ, ಬೇಗ ತೀರ್ಪು ಕೊಡುವುದಿಲ್ಲ, 'ನನಗೆ ಗೊತ್ತು' ಅನ್ನುವ ಆತುರ ತೋರಿಸುವುದಿಲ್ಲ. ನಿಮ್ಮ ಮಗಳು ಕ್ಲಿನಿಕ್‌ನಲ್ಲಿ ಒಂದು ಬೇಸಿಗೆ ಪೂರ್ತಿ ಅದನ್ನೇ ಮಾಡಿದ್ದಾಳೆ.

ಇನ್ನೂ ಒಂದು ವಿಷಯ ಅವಳಿಗೆ ಇಷ್ಟವಾಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಭಾರತೀಯರ ಕತೆಯೂ ಮೆಕ್ಸಿಕನ್ನರ ಕತೆಯೂ ಬಹಳ ಹಿಂದೆಯೇ ಒಂದಾಗಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬಿನಿಂದ ಬಂದ ಗಂಡಸರು ಇಂಪೀರಿಯಲ್ ವ್ಯಾಲಿ ಮತ್ತು ಯೂಬಾ ಸಿಟಿ ಕಡೆ ಹೊಲ ಮಾಡುತ್ತಿದ್ದರು. ಊರಿನಿಂದ ಹೆಂಡತಿಯರನ್ನು ಕರೆಸಲು ಕಾನೂನು ಬಿಡುತ್ತಿರಲಿಲ್ಲ. 1913 ರ ಕಾನೂನಿನಿಂದ ಜಮೀನು ಕೊಳ್ಳುವ ಹಾಗೂ ಇರಲಿಲ್ಲ. ಅವರಲ್ಲಿ ಬಹಳ ಜನ ಮೆಕ್ಸಿಕನ್ ಮೂಲದ ಹೆಂಗಸರನ್ನು ಮದುವೆಯಾದರು. ಆ ಮಕ್ಕಳು ಸ್ಪ್ಯಾನಿಶ್ ಮಾತಾಡುತ್ತಾ, ಸಿಂಗ್ ಅನ್ನುವ ಹೆಸರು ಹೊತ್ತು ಬೆಳೆದರು. ಈ ಕುಟುಂಬಗಳ ಬಗ್ಗೆ ಸಂಶೋಧನೆ ಮಾಡಲು ಇನ್ನೂ ಬೇಕಾದಷ್ಟಿದೆ. ಭಾರತೀಯ ಮನೆಯಿಂದ ಬಂದು ಸ್ಪ್ಯಾನಿಶ್ ಬಲ್ಲ ಹುಡುಗಿ ಅದಕ್ಕೆ ಹೊರಗಿನವಳು ಹೇಗಾಗುತ್ತಾಳೆ?

ಕೆಲಸದ ವಿಷಯ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಈ ಮೂರರಲ್ಲಿ ಯಾವುದನ್ನು ಓದಿ ಬಿಎ ಮುಗಿಸಿದರೂ, ಮೊದಲ ಕೆಲಸದ ಸಂಬಳ ಸರಾಸರಿಯಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗಿಂತ ಕಡಿಮೆ. ಆದರೆ ಬರೀ ಬಯಾಲಜಿ ಬಿಎಸ್ ಕೂಡ ಮುಂದೆ ಓದದೆ ಇದ್ದರೆ ಭಾರಿ ಸಂಬಳ ತರುವ ಡಿಗ್ರಿ ಅಲ್ಲ. ಇದನ್ನು ನಮ್ಮ ಜನ ಮರೆಯುತ್ತಾರೆ. ಈ ಮೂರು ಮೇಜರ್‌ಗಳ ನಡುವೆ ಕೆಲಸದ ಲೆಕ್ಕದಲ್ಲಿ ದೊಡ್ಡ ಅಂತರ ಇಲ್ಲ. ಡಿಗ್ರಿಯ ಜೊತೆ ಏನು ಸೇರಿಸಿಕೊಂಡಿದ್ದಾರೆ ಅನ್ನುವುದರಿಂದ ಅಂತರ ಹುಟ್ಟುತ್ತದೆ. ಮೇಷ್ಟ್ರಾಗಲು ಕ್ರೆಡೆನ್ಷಿಯಲ್, ಜೊತೆಗೆ ಎರಡು ಭಾಷೆಯಲ್ಲಿ ಕಲಿಸುವ ಅಧಿಕೃತ ಅನುಮತಿ. ಸೋಶಿಯಲ್ ವರ್ಕ್ ಅಥವಾ ಪಬ್ಲಿಕ್ ಹೆಲ್ತ್ ಮಾಸ್ಟರ್ಸ್. ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 2020 ರ ಜನಗಣತಿಯ ಪ್ರಕಾರ ನೂರಕ್ಕೆ 39 ಜನ ಲ್ಯಾಟಿನೋ ಮೂಲದವರು. 1998 ರಲ್ಲಿ ಮತದಾನದ ಮೂಲಕ ಶಾಲೆಗಳಲ್ಲಿ ದ್ವಿಭಾಷಾ ಪಾಠಕ್ಕೆ ಕಡಿವಾಣ ಹಾಕಿದ್ದ ಇದೇ ರಾಜ್ಯ, 2016 ರಲ್ಲಿ ಮತ್ತೆ ಮತ ಹಾಕಿ ಅದನ್ನು ತೆಗೆದುಹಾಕಿತು. ಅಂದಿನಿಂದ ಸ್ಪ್ಯಾನಿಶ್‌ನಲ್ಲಿ ಕಲಿಸಬಲ್ಲ ಮೇಷ್ಟ್ರುಗಳಿಗೆ ಬೇಡಿಕೆ ಇದೆ. ಕೌಂಟಿ, ರಾಜ್ಯದ ಎಷ್ಟೋ ಹುದ್ದೆಗಳಲ್ಲಿ ಪರೀಕ್ಷೆ ಪಾಸಾದರೆ ಎರಡನೇ ಭಾಷೆಗೆ ಅಂತಲೇ ಸ್ವಲ್ಪ ಹೆಚ್ಚು ಸಂಬಳ ಕೊಡುತ್ತಾರೆ. ಡಾಕ್ಟರ್ ಆದರಂತೂ ಹೇಳುವುದೇ ಬೇಡ. ಯುಸಿ ಅರ್ವೈನ್ ಮೆಡಿಕಲ್ ಸ್ಕೂಲ್ 2004 ರಲ್ಲಿ ಪ್ರೈಮ್-ಎಲ್‌ಸಿ ಅನ್ನುವ ಕಾರ್ಯಕ್ರಮ ಶುರು ಮಾಡಿದ್ದೇ ಲ್ಯಾಟಿನೋ ಸಮುದಾಯಕ್ಕೆ ಬೇಕಾದ ಡಾಕ್ಟರ್‌ಗಳನ್ನು ತಯಾರು ಮಾಡಲು.

ಇನ್ನು ಅವಳ ಮುಂದಿರುವ ದಾರಿಗಳು. ಬಯಾಲಜಿಯಲ್ಲೇ ಇದ್ದು ಸ್ಪ್ಯಾನಿಶ್ ಮೈನರ್ (ಮೇಜರ್ ಜೊತೆಗೆ ಓದುವ ಸಣ್ಣ ವಿಷಯ) ಮಾಡುವುದು ಎಲ್ಲಕ್ಕಿಂತ ಕಡಿಮೆ ಗೊಂದಲದ್ದು. ಹೆಚ್ಚು ಕಡಿಮೆ ಆರೇಳು ಕೋರ್ಸಿನಲ್ಲಿ ಮುಗಿಯುತ್ತದೆ, ಯಜಮಾನರಿಗೂ ಸಮಾಧಾನ. ಅಪಾಯ ಏನಂದ್ರೆ, ಭಾಷೆ ಬರುತ್ತದೆ, ಅವಳನ್ನು ಎಳೆದ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಮನಸ್ಸಿಲ್ಲದ ಮೇಜರ್‌ನಲ್ಲಿ ಮೂರನೇ ವರ್ಷ ಅಂಕ ಕುಸಿಯುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಸ್ಪ್ಯಾನಿಶ್ ಮೇಜರ್ ತಗೊಂಡರೆ ಭಾಷೆ ಗಟ್ಟಿಯಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಸ್ಪ್ಯಾನಿಶ್ ಮಾತಾಡಿ ಬೆಳೆದವರ ಜೊತೆ ಕೂತು ಸಾಹಿತ್ಯದ ಬಗ್ಗೆ ಸ್ಪ್ಯಾನಿಶ್‌ನಲ್ಲಿ ಉದ್ದುದ್ದ ಬರೆಯಬೇಕು. ಓದಲು ವಾರಕ್ಕೆ ನೂರಾರು ಪುಟ. ಅದೇ ವಾರ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಕೂಡ ಇರುತ್ತದೆ. ಹಳೆಯ ಸ್ಪೇನ್‌ನ ಕಾವ್ಯ ಓದುವುದರಲ್ಲಿ ಅವಳಿಗೆ ಖುಷಿ ಇದೆಯಾ? ಇಲ್ಲದಿದ್ದರೆ ಇದು ಬೇಡ.

ಲ್ಯಾಟಿನ್ ಅಮೆರಿಕನ್ ಸ್ಟಡೀಸ್‌ನ ಅನುಕೂಲ, ಕೋರ್ಸುಗಳನ್ನು ಇತಿಹಾಸ, ರಾಜಕೀಯಶಾಸ್ತ್ರ, ಮಾನವಶಾಸ್ತ್ರ ವಿಭಾಗಗಳಿಂದ ಆರಿಸಿಕೊಳ್ಳಬಹುದು. ಲ್ಯಾಬ್ ಇರುವ ದಿನಕ್ಕೆ ಹೊಂದಿಸಿಕೊಳ್ಳಲು ಸುಲಭ. ಅನಾನುಕೂಲವೂ ಅದೇ. ಅನೇಕ ಕ್ಯಾಂಪಸ್‌ಗಳಲ್ಲಿ ಅದಕ್ಕೆ ಸ್ವಂತ ಮೇಷ್ಟ್ರುಗಳು ಕಡಿಮೆ. ಬೇಕಾದ ಕೋರ್ಸು ಆ ವರ್ಷ ನಡೆಯದೇ ಇರಬಹುದು. ಮೆಡಿಕಲ್ ಸ್ಕೂಲಿಗೆ ಶಿಫಾರಸು ಪತ್ರ ಬೇಕಾದಾಗ ಅವಳನ್ನು ಹತ್ತಿರದಿಂದ ಬಲ್ಲವರು ಯಾರೂ ಇಲ್ಲ ಅಂತ ಆಗಬಹುದು.

ಚಿಕಾನೋ-ಲ್ಯಾಟಿನೋ ಸ್ಟಡೀಸ್‌ನಲ್ಲಿ ಊರಿನೊಳಗೆ ಹೋಗಿ ಜನರ ಜೊತೆ ಮಾಡುವ ಕೆಲಸಕ್ಕೂ ಕ್ರೆಡಿಟ್ ಸಿಗುತ್ತದೆ. ಮೇಷ್ಟ್ರುಗಳು ಹತ್ತಿರದಲ್ಲಿರುತ್ತಾರೆ. ಪಾಠ ಇಂಗ್ಲಿಷ್‌ನಲ್ಲಿ ಇರುವುದರಿಂದ ಕೆಮಿಸ್ಟ್ರಿ ಜೊತೆ ನಿಭಾಯಿಸಬಹುದು. ಆದರೆ ಬೇರೆಯಾಗಿ ಸ್ಪ್ಯಾನಿಶ್ ಕೋರ್ಸ್ ತಗೊಳ್ಳದಿದ್ದರೆ ಎರಡು ವರ್ಷದಲ್ಲಿ ಇದ್ದ ಸ್ಪ್ಯಾನಿಶ್ ಕೂಡ ತುಕ್ಕು ಹಿಡಿಯುತ್ತದೆ. ಇನ್ನು ಬಯಾಲಜಿ ಜೊತೆ ಇವುಗಳಲ್ಲೊಂದನ್ನು ಸೇರಿಸಿ ಡಬಲ್ ಮೇಜರ್ ಮಾಡುವ ಆಸೆ ಅವಳಿಗೂ ಬರಬಹುದು, ನಿಮಗೂ ಬರಬಹುದು. ನಾನು ಬೇಡ ಅನ್ನುತ್ತೇನೆ. ಎರಡು ಮೇಜರ್ ಇದ್ದರೆ ಮೆಡಿಕಲ್ ಸ್ಕೂಲಿನವರು ಹೆಚ್ಚು ಬೆಲೆ ಕೊಡುವುದಿಲ್ಲ. ಒಂದು ವರ್ಷ ಹೆಚ್ಚಾದರೆ ಫೀಸು ಮಾತ್ರ ಕೊಡಬೇಕು.

ಈ ಮೇಜರ್‌ಗಳಿಗೆಲ್ಲ ಸೇರಿದ ಒಂದು ಅಪಾಯವನ್ನೂ ಮುಚ್ಚಿಡಬಾರದು. ಸಣ್ಣ ವಿಭಾಗಗಳನ್ನು ಮುಚ್ಚುವುದು, ಒಂದರೊಳಗೊಂದು ಸೇರಿಸುವುದು ಈಗ ಅಮೆರಿಕದಲ್ಲಿ ನಡೆಯುತ್ತಿದೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023 ರಲ್ಲಿ ವಿದೇಶಿ ಭಾಷೆಗಳ ಮೇಜರ್‌ಗಳನ್ನು ನಿಲ್ಲಿಸಲು ತೀರ್ಮಾನಿಸಿತು, ಸ್ಪ್ಯಾನಿಶ್ ಕೂಡ ಸೇರಿ. ಸಾಮಾನ್ಯವಾಗಿ ಈಗಾಗಲೇ ಸೇರಿದವರಿಗೆ ಓದು ಮುಗಿಸಲು ಅವಕಾಶ ಕೊಡುತ್ತಾರೆ. ಆದರೆ ಕೋರ್ಸುಗಳ ಆಯ್ಕೆ ಕಡಿಮೆಯಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಚಿಕಾನೋ ಸ್ಟಡೀಸ್‌ನ ಬೇರು ಆಳವಾಗಿದೆ. ಆದರೂ ವಿಭಾಗದಲ್ಲಿ ಕೇಳುವುದು ಒಳ್ಳೆಯದು.

ನನ್ನನ್ನು ಕೇಳಿದರೆ, ನಿಮ್ಮ ಮಗಳಿಗೆ ಚಿಕಾನೋ-ಲ್ಯಾಟಿನೋ ಸ್ಟಡೀಸ್ ಮೇಜರ್, ಸ್ಪ್ಯಾನಿಶ್ ಮೈನರ್, ಜೊತೆಗೆ ಮೆಡಿಕಲ್ ಸ್ಕೂಲಿಗೆ ಬೇಕಾದ ಕೋರ್ಸುಗಳು, ಇದು ಸರಿಹೊಂದುತ್ತದೆ. ಅವಳನ್ನು ಹಿಡಿದದ್ದು ಕ್ಲಿನಿಕ್‌ನ ಬೆಂಚಿನ ಮೇಲೆ ಕೂತ ಜನ. ಆ ಜನ ಇಲ್ಲಿ ಹೇಗೆ ಬದುಕುತ್ತಾರೆ ಅನ್ನುವುದನ್ನು ಓದುವ ಮೇಜರ್ ಇದು. ಅವರು ಬಿಟ್ಟು ಬಂದ ದೇಶಗಳ ಕತೆಯೇ ಅವಳಿಗೆ ಹೆಚ್ಚು ಅಂದರೆ ಲ್ಯಾಟಿನ್ ಅಮೆರಿಕನ್ ಸ್ಟಡೀಸ್. ಯುಸಿ ಸಾಂಟಾ ಕ್ರೂಜ್‌ನಲ್ಲಿ ಈ ಎರಡನ್ನೂ ಸೇರಿಸಿದ ಒಂದೇ ವಿಭಾಗ ಇದೆ. ಆದರೆ ಇದಕ್ಕೋಸ್ಕರ ಕ್ಯಾಂಪಸ್ ಬದಲಾಯಿಸುವುದು ಬೇಡ.

ಇದೇ ಪ್ರಶ್ನೆ ಮನಸ್ಸಿನಲ್ಲಿರುವ ಬೇರೆ ಮನೆಯವರಿಗೆ ಒಂದು ಮಾತು. ಈ ಪತ್ರ ಬರೆದವರ ಮಗಳು ಇಲ್ಲೇ ಹುಟ್ಟಿದವಳು, ವೀಸಾ ಚಿಂತೆ ಇಲ್ಲ. ಆದರೆ ಮಕ್ಕಳು ಅಪ್ಪ ಅಮ್ಮನ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿದ್ದರೆ 21 ವರ್ಷಕ್ಕೆ ಅದು ಮುಗಿಯುತ್ತದೆ. ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ ಆದ ಎಫ್-1 ಗೆ ಬದಲಾಯಿಸಿಕೊಳ್ಳುತ್ತಾರೆ. ಎಫ್-1 ನಲ್ಲಿ ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಒಪಿಟಿ ಅನ್ನುವ ಅನುಮತಿ ಸಿಗುತ್ತದೆ. ವಿಜ್ಞಾನ, ತಂತ್ರಜ್ಞಾನದ ಡಿಗ್ರಿ ಆದರೆ ಇನ್ನೂ 24 ತಿಂಗಳು ಹೆಚ್ಚು. ನಾವು ಇಲ್ಲಿ ಮಾತಾಡಿದ ಮೇಜರ್‌ಗಳಿಗೆ ಆ 24 ತಿಂಗಳು ಇಲ್ಲ. ಅಂಥ ಮನೆಯಲ್ಲಿ ನಾನು ಬಯಾಲಜಿಯಲ್ಲೇ ಇದ್ದು ಮೈನರ್ ಮಾಡಿ ಅನ್ನುತ್ತೇನೆ. ಮನಸ್ಸಿಗೆ ನೋವಾದರೂ ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು.

ಈಗ ಮಾಡಬೇಕಾದದ್ದು. ಅರ್ಜಿ ಹಾಕುವ ಮೊದಲು ಬರುವ ಟರ್ಮ್‌ನಲ್ಲಿ ಚಿಕಾನೋ ಸ್ಟಡೀಸ್‌ನ ಒಂದು ಮೇಲಿನ ತರಗತಿಯ ಕೋರ್ಸು, ಸ್ಪ್ಯಾನಿಶ್‌ನ ಒಂದು ಕೋರ್ಸು ತಗೊಳ್ಳಲಿ. ಎರಡೂ ಕೋರ್ಸಿನ ಓದು ಮುಂದಿರುವಾಗ ಅವಳ ಕೈ ಮೊದಲು ಯಾವುದಕ್ಕೆ ಹೋಗುತ್ತದೆ ಅನ್ನುವುದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ವಿಭಾಗದ ಅಡ್ವೈಸರ್ ಹತ್ತಿರ ಹೋದಾಗ, ಕಡ್ಡಾಯ ಕೋರ್ಸುಗಳು ಯಾವ ಯಾವ ಟರ್ಮ್‌ನಲ್ಲಿ ನಡೆಯುತ್ತವೆ, ಈಗಾಗಲೇ ಮುಗಿಸಿದ ಸ್ಪ್ಯಾನಿಶ್ ಎಷ್ಟು ಲೆಕ್ಕಕ್ಕೆ ಬರುತ್ತದೆ, ಮೈನರ್‌ಗೂ ಮೇಜರ್‌ಗೂ ಒಂದೇ ಕೋರ್ಸನ್ನು ತೋರಿಸಬಹುದಾ, ಇವನ್ನು ಕೇಳಿ ಬರೆದುಕೊಂಡು ಬರಲಿ. ಮೆಡಿಕಲ್ ಕಡೆ ಹೋಗುವವರಿಗೆ ಪ್ರೀ-ಹೆಲ್ತ್ ಅಡ್ವೈಸರ್ ಬೇರೆ ಇರುತ್ತಾರೆ, ಅವರನ್ನೂ ನೋಡಲಿ. ಮೆಕ್ಸಿಕೋ ಅಥವಾ ಚಿಲಿಗೆ ಹೋಗಿ ಒಂದು ಟರ್ಮ್ ಓದಬೇಕು ಅನ್ನುವ ಆಸೆ ಇದ್ದರೆ ಅದನ್ನು ಮೊದಲೇ ಹೇಳಲಿ. ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದಾದ ಮೇಲೊಂದು ಕೋರ್ಸಾಗಿ ನಡೆಯುತ್ತದೆ. ನಡುವೆ ಒಂದು ತಪ್ಪಿದರೆ ಎಷ್ಟೋ ಕ್ಯಾಂಪಸ್‌ಗಳಲ್ಲಿ ಮುಂದಿನ ವರ್ಷದ ತನಕ ಕಾಯಬೇಕಾಗುತ್ತದೆ. ಅದಕ್ಕೇ ಮೊದಲು ಹೊರದೇಶಕ್ಕೆ ಹೋಗುವ ಟರ್ಮ್ ಗೊತ್ತು ಮಾಡಿಕೊಂಡು, ಅದರ ಸುತ್ತ ಕೆಮಿಸ್ಟ್ರಿ ಕೂರಿಸಿ, ಉಳಿದ ಜಾಗಕ್ಕೆ ಮೇಜರ್‌ನ ಕೋರ್ಸುಗಳನ್ನು ಹಾಕಿಕೊಳ್ಳಲಿ.